ಗುಜರಿಯ ತಕ್ಕಡಿಯಲ್ಲಿ ಕಾರು

ಓಡಾಟ ನಿಲ್ಲಿಸಿದ ಹಳೆಯ ಕಾರೊಂದು ಮನೆಯ ಪಕ್ಕದ ಬೇವಿನ ಮರದಡಿ ನಿಂತಿದೆ. ಅದರ ಬೆಲೆ ಎಷ್ಟು? ಮಾಲೀಕನನ್ನು ಕೇಳಿದರೆ ಕೊಂಡಾಗ ಕೊಟ್ಟ ಹಣ, ಮೊನ್ನೆ ಮೊನ್ನೆ ಹಾಕಿಸಿದ ಟೈರು, ಎಂಜಿನ್ ಬಿಚ್ಚಿಸಿದ ಖರ್ಚು ಎಲ್ಲವನ್ನೂ ಕೂಡಿಸಿ ಒಂದು ಅಂಕಿ ಹೇಳುತ್ತಾನೆ. ಗುಜರಿ ವ್ಯಾಪಾರಿ ಇದಾವುದನ್ನೂ ಕೇಳುವುದಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಕೆಳಗೆ ಬಗ್ಗಿ ತಳದ ತಗಡನ್ನು ಬೆರಳಿನಿಂದ ತಟ್ಟಿ, ‘ತೂಕ ಎಷ್ಟು ಬಂದೀತು?’ ಎನ್ನುತ್ತಾನೆ. ಒಬ್ಬನಿಗೆ ಅದು ಇನ್ನೂ ಕಾರು, ಇನ್ನೊಬ್ಬನಿಗೆ ಆಗಲೇ ಕಬ್ಬಿಣ. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ನಷ್ಟ ಅನುಭವಿಸುವವನು ಸಾಮಾನ್ಯವಾಗಿ ಮಾಲೀಕನೇ. ಕಬ್ಬಿಣದ ಲೆಕ್ಕ ಅವನಿಗೆ ಗೊತ್ತಿಲ್ಲದಿರುವುದೇ ಅದಕ್ಕೆ ಕಾರಣ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಅಜ್ಞಾನ ತುಸು ವಿಚಿತ್ರವಾಗಿಯೇ ತೋರುತ್ತದೆ. ಒಂದು ಕಡೆ ಹೊಸಪೇಟೆ, ಸಂಡೂರಿನ ಅದಿರಿನ ಗುಡ್ಡಗಳು, ಮನೆಯಂಗಳದಲ್ಲೇ ಕಬ್ಬಿಣ ಕರಗಿಸುವ ಕಾರ್ಖಾನೆಗಳು. ಹಳೆಯ ಕಬ್ಬಿಣವನ್ನು ತೂಗಿ, ಕಾಯಿಸಿ, ಹೊಸದಾಗಿಸುವ ವಿದ್ಯೆ ಇಲ್ಲಿ ಎರಡೂವರೆ ಸಾವಿರ ವರ್ಷಗಳಷ್ಟಾದರೂ ಹಳೆಯದು.

ಗೋರಿಯ ಕಬ್ಬಿಣ, ಕುಲುಮೆಯ ಕಬ್ಬಿಣ

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ ನಾನೂರರಷ್ಟು ಶಿಲಾಗೋರಿಗಳಿವೆ. ಸುತ್ತಲಿನ ಜನ ಇದನ್ನು ಮೊರೇರ ಗುಡ್ಡ ಎನ್ನುತ್ತಾರೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನ ಕಾಲಕ್ಕೆ ಸೇರಿದವೆಂದು ಸಾಮಾನ್ಯವಾಗಿ ಹೇಳಲಾಗುವ ಈ ನೆಲೆಯನ್ನು 1835ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಗುರುತಿಸಿದ. 2021ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇದು ಕಬ್ಬಿಣ ಯುಗದ ಜನರ ಕುರುಹು. ದಕ್ಷಿಣ ಭಾರತದಲ್ಲಿ ಅಗೆದು ನೋಡಿದ ಇಂಥ ಅನೇಕ ಗೋರಿಗಳಲ್ಲಿ ಕಬ್ಬಿಣದ ಕತ್ತಿ, ಈಟಿ, ಬಾಣದ ಮೊನೆ, ಕುಡುಗೋಲುಗಳು ಸಿಕ್ಕಿವೆ.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಆ ಕಾಲದ ಕಬ್ಬಿಣ ಇಂದು ನಮ್ಮ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಗೋರಿಯಲ್ಲಿ. ಸತ್ತವನ ಜೊತೆ ಮಣ್ಣಿಗೆ ಹೋದದ್ದು ಉಳಿಯಿತು. ಬದುಕಿದ್ದವರ ಕೈಯಲ್ಲಿದ್ದ ಕಬ್ಬಿಣದಲ್ಲಿ ಒಂದಿಷ್ಟನ್ನು ತುಕ್ಕು ತಿಂದಿರಬೇಕು, ಉಳಿದದ್ದು ಮತ್ತೆ ಕುಲುಮೆಗೆ ಹೋಗಿರಬೇಕು. ಈಚಿನವರೆಗೂ ಹಳ್ಳಿಯ ಕಮ್ಮಾರ ಅನುಸರಿಸಿದ್ದು ಇದೇ ಪದ್ಧತಿ. ಸವೆದ ನೇಗಿಲಿನ ಗುಳ, ಕುಂಟೆಯ ಕುಡ, ಬಂಡಿ ಗಾಲಿಯ ಕಬ್ಬಿಣದ ಪಟ್ಟಿ ಯಾವುದೂ ಕಸವಾಗುತ್ತಿರಲಿಲ್ಲ. ರೈತ ಹಳೆಯ ಕಬ್ಬಿಣ ತಂದುಕೊಡುತ್ತಿದ್ದ, ಕಮ್ಮಾರ ಅದನ್ನೇ ಕಾಯಿಸಿ ಬಡಿದು ಹೊಸ ಹತ್ಯಾರ ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಆಯ ಪಡೆಯುತ್ತಿದ್ದ. ಕಬ್ಬಿಣಕ್ಕೆ ಬೆಲೆ ಕಟ್ಟುವ ಪ್ರಶ್ನೆಯೇ ಬರುತ್ತಿರಲಿಲ್ಲ. ಯಾಕೆಂದರೆ ಅದು ಊರು ಬಿಟ್ಟು ಹೋಗುತ್ತಲೇ ಇರಲಿಲ್ಲ.

ಮೋಟಾರು ಬಂದ ಮೇಲೂ ಕಮ್ಮಾರ ಅದರ ಎಲುಬನ್ನು ಗುರುತು ಹಿಡಿದ. ಲಾರಿಯ, ಜೀಪಿನ ಕಮಾನು ಪಟ್ಟಿ ಸಾಮಾನ್ಯ ಕಬ್ಬಿಣವಲ್ಲ, ಹದ ಹಿಡಿಯುವ ಉಕ್ಕು. ಅದರಿಂದ ಮಾಡಿದ ಕೊಡಲಿ, ಕುಡುಗೋಲು ಬೇಗ ಮೊಂಡಾಗುವುದಿಲ್ಲ. ಹಳೆಯ ಮೋಟಾರಿನ ಅಚ್ಚು ಮತ್ತು ಗಾಲಿ ಟೈರು ಬಂಡಿಗೆ ಆದವು. ಹೀಗೆ ಸತ್ತ ವಾಹನದ ಕೆಲವು ಅಂಗಗಳಿಗೆ ತೂಕದ ಬೆಲೆಗಿಂತ ಹೆಚ್ಚಿನ ಬೆಲೆಯಿದೆ ಎಂಬ ಪಾಠವನ್ನು ಮೊದಲು ಕಲಿತವರು ಇವರೇ.

‘ಗುಜರಿ’ ಎಂಬ ಮಾತು ಹೊರಗಿನಿಂದ ಬಂದದ್ದು. ಹಾದುಹೋಗುವುದು ಎಂಬರ್ಥದ ಪರ್ಷಿಯನ್ ಮೂಲದಿಂದ ಹುಟ್ಟಿ, ದಾರಿಬದಿಯಲ್ಲಿ ಇಳಿಹೊತ್ತಿಗೆ ಕೂಡುವ ಸಂತೆಗೆ ಹಿಂದುಸ್ತಾನಿಯಲ್ಲಿ ಹೆಸರಾಯಿತು. ಕನ್ನಡಕ್ಕೆ ಬರುವಷ್ಟರಲ್ಲಿ ಹಳೆಯ ಸಾಮಾನಿನ ಅಂಗಡಿ ಎಂಬರ್ಥ ಅದಕ್ಕೆ ಅಂಟಿಕೊಂಡಿತು. ಉತ್ತರ ಕರ್ನಾಟಕದ ಕೆಲವೆಡೆ ಇದನ್ನೇ ‘ಮೋಡಕಾ’ ಎನ್ನುತ್ತಾರೆ. ಅದು ಮರಾಠಿಯಿಂದ ಬಂದದ್ದು, ಮುರಿದದ್ದು ಎಂದು ಅರ್ಥ.

ಗುಜರಿಗೆ ಹೋಗದ ಕಾರುಗಳ ಕಾಲ

ಹಾಗಾದರೆ ಕಾರು ಗುಜರಿಗೆ ಬರಲಾರಂಭಿಸಿದ್ದು ಯಾವಾಗ? ಉತ್ತರ ಅನೇಕರಿಗೆ ಅಚ್ಚರಿ ತರಬಹುದು. ಇದು ತೀರ ಈಚಿನ ವಿದ್ಯಮಾನ.

ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆಯು 27 ಬಸ್ಸುಗಳೊಂದಿಗೆ ಸರ್ಕಾರಿ ರಸ್ತೆ ಸಾರಿಗೆ ಆರಂಭಿಸಿದಾಗ ದೇಶದಲ್ಲೇ ಅದೊಂದು ಮೊದಲ ಹೆಜ್ಜೆ. ಆದರೆ ಸ್ವಂತ ಕಾರು ಜಹಗೀರುದಾರರ, ಅಧಿಕಾರಿಗಳ, ದೊಡ್ಡ ಸಾಹುಕಾರರ ಸೊತ್ತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಭತ್ತದ ಹಣ ಟ್ರ್ಯಾಕ್ಟರ್, ಜೀಪು, ಕಾರುಗಳನ್ನು ತಂದಿತು. ನೀರಾವರಿಯಿಲ್ಲದ ಕುಷ್ಟಗಿ, ಯಲಬುರ್ಗಾಗಳಲ್ಲಿ ಅವು ಬಹಳ ಕಾಲ ಅಪರೂಪವಾಗಿಯೇ ಉಳಿದವು.

ಬಂದ ಕಾರುಗಳೂ ಸಾಯುತ್ತಿರಲಿಲ್ಲ. ಪರ್ಮಿಟ್ ರಾಜ್ಯದ ದಿನಗಳಲ್ಲಿ ಹೊಸ ಅಂಬಾಸಡರ್ ಅಥವಾ ಪದ್ಮಿನಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ಹೊಸದು ಸಿಗದಿದ್ದಾಗ ಹಳೆಯದಕ್ಕೆ ಮರ್ಯಾದೆ ಜಾಸ್ತಿ. ತುಕ್ಕು ಹಿಡಿದ ತಗಡಿಗೆ ತೇಪೆ, ಸವೆದ ಎಂಜಿನ್ನಿಗೆ ಹೊಸ ಬೋರು, ಹೊಂದದ ಬಿಡಿಭಾಗಕ್ಕೆ ಲೇತಿನ ಆರೈಕೆ. ಹೀಗೆ ಒಂದೇ ಕಾರು ಮೂರು ನಾಲ್ಕು ಮಾಲೀಕರನ್ನು ಕಂಡು, ಕೊನೆಗೆ ಬಾಡಿಗೆ ಟ್ಯಾಕ್ಸಿಯಾಗಿ ದುಡಿಯುತ್ತಿತ್ತು. ಓಡುವ ಕಾರಿನ ಬೆಲೆ ಅದರ ಕಬ್ಬಿಣದ ಬೆಲೆಗಿಂತ ಬಹಳ ಮೇಲಿರುವವರೆಗೆ ಅದನ್ನು ಯಾರೂ ಒಡೆಯುವುದಿಲ್ಲ.

ಈ ಅಂತರವನ್ನು ಕಿರಿದಾಗಿಸಿದ್ದು 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800, ನಂತರ 1991ರ ಆರ್ಥಿಕ ಉದಾರೀಕರಣ. ಹೊಸ ಕಾರು ಸುಲಭವಾಗಿ, ಸಾಲದ ಮೇಲೆ ಸಿಗತೊಡಗಿತು. ರಿಪೇರಿಯ ಕೂಲಿ ಏರಿತು. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಇಲ್ಲಿನ ವಾಹನಗಳಿಗೆ ಕೆಎ-37 ಸಂಖ್ಯೆ ಬಂತು. ಅದಕ್ಕೂ ಮೊದಲಿನ ಕೆಎ-36 ಫಲಕ ಹೊತ್ತ ಕಾರೊಂದು ಇಲ್ಲಿ ಕಂಡರೆ ಅದರ ವಯಸ್ಸು ಕಾಲು ಶತಮಾನ ದಾಟಿದೆ ಎಂದು ಹೆಚ್ಚುಕಡಿಮೆ ಹೇಳಬಹುದು. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ, ಅಂಬಾಸಡರಿನದು ಅದೇ ವರ್ಷದ ಮೇ ತಿಂಗಳಲ್ಲಿ ನಿಂತಿತು. ಆ ತಲೆಮಾರಿನ ಕಾರುಗಳೇ ಈಗ ಬೇವಿನ ಮರದಡಿ ನಿಂತಿರುವವು.

ಲೆಕ್ಕ ಹಾಕುವ ಬಗೆ

ಲೆಕ್ಕದ ಮೊದಲ ಅಂಕಿ ಮಾಲೀಕನ ಬಳಿಯೇ ಇದೆ. ನೋಂದಣಿ ಪತ್ರದಲ್ಲಿ ವಾಹನದ ಖಾಲಿ ತೂಕ ನಮೂದಾಗಿರುತ್ತದೆ. ಮಾರುತಿ 800ರ ತೂಕ ಸುಮಾರು 650 ಕಿಲೊ. ಅಂಬಾಸಡರ್ 1,100 ಕಿಲೊ ದಾಟುತ್ತದೆ. ಅದರ ತಗಡೂ ದಪ್ಪ. ಹೀಗಾಗಿ ರಸ್ತೆಯಲ್ಲಿ ಯಾರಿಗೂ ಬೇಡವಾದ ಅಂಬಾಸಡರ್ ತಕ್ಕಡಿಯಲ್ಲಿ ಮಾರುತಿಯನ್ನು ಸೋಲಿಸುತ್ತದೆ. ಇದಕ್ಕೆ ತದ್ವಿರುದ್ಧ ಉದಾಹರಣೆ ಬೆಂಗಳೂರಿನ ಸಿಪಾನಿ ಕಂಪನಿಯದು. ಅದು 1982ರಲ್ಲಿ ತಂದ ಡಾಲ್ಫಿನ್ ಕಾರಿನ ಮೈ ಫೈಬರ್ ಗಾಜಿನದು. ತುಕ್ಕು ಹಿಡಿಯದ ಆ ಮೈಗೆ ಗುಜರಿಯಲ್ಲಿ ಕಾಸಿನ ಬೆಲೆಯೂ ಇಲ್ಲ, ಯಾಕೆಂದರೆ ಅದನ್ನು ಕುಲುಮೆಗೆ ಹಾಕಲಾಗದು.

ಎರಡನೆಯ ಹೆಜ್ಜೆ ತೂಕವನ್ನು ಒಡೆಯುವುದು. ಸಾಮಾನ್ಯ ಕಾರಿನ ತೂಕದಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಕಬ್ಬಿಣ ಮತ್ತು ಉಕ್ಕು. ಉಳಿದದ್ದರಲ್ಲಿ ಅಲ್ಯೂಮಿನಿಯಂ, ತಾಮ್ರ, ಬ್ಯಾಟರಿಯ ಸೀಸ, ಜೊತೆಗೆ ಗಾಜು, ರಬ್ಬರು, ಪ್ಲಾಸ್ಟಿಕ್ಕು, ಸೀಟಿನ ಸ್ಪಂಜು. ಲೆಕ್ಕಕ್ಕಾಗಿ 650 ಕಿಲೊದ ಕಾರೊಂದನ್ನು ಹೀಗೆ ಹಂಚಿಕೊಳ್ಳಬಹುದು: ಕಬ್ಬಿಣ, ಉಕ್ಕು 430 ಕಿಲೊ, ಅಲ್ಯೂಮಿನಿಯಂ 35, ತಾಮ್ರ 5, ಬ್ಯಾಟರಿ 10, ಬೆಲೆಯಿಲ್ಲದ್ದು 170. ಕಬ್ಬಿಣಕ್ಕೆ ಕಿಲೊಗೆ 25 ರೂಪಾಯಿ, ಅಲ್ಯೂಮಿನಿಯಂಗೆ 120, ತಾಮ್ರಕ್ಕೆ 500, ಬ್ಯಾಟರಿಗೆ 80 ಎಂದು ಹಿಡಿಯೋಣ. ದರ ದಿನವೂ ಬದಲಾಗುವಂಥದು, ಇಲ್ಲಿ ಮುಖ್ಯವಾದದ್ದು ಲೆಕ್ಕದ ದಾರಿ. ಕಬ್ಬಿಣದಿಂದ 10,750, ಅಲ್ಯೂಮಿನಿಯಂನಿಂದ 4,200, ತಾಮ್ರದಿಂದ 2,500, ಬ್ಯಾಟರಿಯಿಂದ 800. ಒಟ್ಟು 18,250 ರೂಪಾಯಿ.

ಈ ಅಂಕಿಗಳನ್ನು ತಿರುವಿ ನೋಡಿದರೆ ಒಂದು ಗುಟ್ಟು ಹೊರಬೀಳುತ್ತದೆ. ಅಲ್ಯೂಮಿನಿಯಂ, ತಾಮ್ರ, ಬ್ಯಾಟರಿ ಮೂರೂ ಸೇರಿ 50 ಕಿಲೊ, ಅಂದರೆ ತೂಕದ ಹದಿಮೂರನೇ ಒಂದು ಭಾಗ. ಬೆಲೆಯಲ್ಲಾದರೋ 7,500 ರೂಪಾಯಿ, ಐದರಲ್ಲಿ ಎರಡು ಭಾಗ. ‘ಇಡೀ ಕಾರನ್ನು ಕಿಲೊಗೆ 18ರಂತೆ ಕೊಡಿ’ ಎಂಬ ಮಾತಿಗೆ ಒಪ್ಪಿದ ಮಾಲೀಕನಿಗೆ ಸಿಗುವುದು 11,700. ವ್ಯತ್ಯಾಸ 6,550 ರೂಪಾಯಿ. ಇದರಲ್ಲಿ ಎಳೆದೊಯ್ಯುವ ಬಾಡಿಗೆ, ಕತ್ತರಿಸುವ ಕೂಲಿ, ಗ್ಯಾಸಿನ ಖರ್ಚು, ವ್ಯಾಪಾರಿಯ ಲಾಭ ಎಲ್ಲವೂ ಸೇರಿರುವುದು ನ್ಯಾಯವೇ. ಆದರೆ ಬ್ಯಾಟರಿಯನ್ನು ಮೊದಲೇ ಯಾರೋ ಬಿಚ್ಚಿಕೊಂಡು, ವೈರುಗಳನ್ನು ಇನ್ಯಾರೋ ಕಿತ್ತುಕೊಂಡ ಮೇಲೆ ಉಳಿಯುವುದು ಬರೀ ತಗಡು. 2000ದ ನಂತರದ ಕಾರುಗಳ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ ಜಾತಿಯ ದುಬಾರಿ ಲೋಹಗಳ ಲೇಪವಿರುತ್ತದೆ. ಅದನ್ನೂ ಹಳೆ ಕಬ್ಬಿಣದ ದರಕ್ಕೆ ಕೊಟ್ಟುಬಿಡುವವರು ಕಡಿಮೆಯಿಲ್ಲ.

ಕಬ್ಬಿಣದಲ್ಲೂ ಜಾತಿಗಳಿವೆ. ಮೈಯ ತಗಡಿಗೆ ಕಡಿಮೆ ದರ, ಅಚ್ಚು, ಚಾಸಿಯಂಥ ಗಟ್ಟಿ ಕಬ್ಬಿಣಕ್ಕೆ ಹೆಚ್ಚು ದರ, ಬೀಡು ಕಬ್ಬಿಣಕ್ಕೆ ಬೇರೆ ದರ. ತಗಡಿಗೆ ಬಣ್ಣ, ಮಣ್ಣು, ತುಕ್ಕು ಅಂಟಿರುವುದರಿಂದ ಕುಲುಮೆಯಲ್ಲಿ ಒಂದಿಷ್ಟು ಸುಟ್ಟುಹೋಗುತ್ತದೆ. ಆ ನಷ್ಟವನ್ನು ಕೊಳ್ಳುವಾಗಲೇ ಕಳೆಯುತ್ತಾರೆ. ಭತ್ತದ ಚೀಲಕ್ಕೆ ತೇವ, ಕಸದ ಹೆಸರಿನಲ್ಲಿ ‘ಸೂಟು’ ಮುರಿದುಕೊಳ್ಳುವುದನ್ನು ಕಂಡ ಗಂಗಾವತಿಯ ರೈತನಿಗೆ ಈ ಕಡಿತ ಹೊಸದೇನಲ್ಲ. ಆತ ಮಾಡುವಂತೆಯೇ ಬೇರೆಯವರ ಕಾಟಾದ ಮೇಲೆ ಒಮ್ಮೆ ತೂಗಿಸಿ ಚೀಟಿ ಪಡೆದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ದರ ಹುಟ್ಟುವ ಕುಲುಮೆ

ಕಿಲೊಗೆ ಇಪ್ಪತ್ತೈದೋ ಮೂವತ್ತೋ ಎಂಬುದನ್ನು ಗುಜರಿ ಅಂಗಡಿಯವನು ತೀರ್ಮಾನಿಸುವುದಿಲ್ಲ. ಅದು ಹುಟ್ಟುವುದು ಕುಲುಮೆಯ ಬಾಯಲ್ಲಿ.

ಅದಿರಿನಲ್ಲಿ ಕಬ್ಬಿಣ ಆಮ್ಲಜನಕದೊಂದಿಗೆ ಬೆರೆತಿರುತ್ತದೆ. ಅದನ್ನು ಬಿಡಿಸಲು ಕಲ್ಲಿದ್ದಲು ಸುಡಬೇಕು. ಹಳೆಯ ಕಬ್ಬಿಣದಲ್ಲಿ ಆ ಕೆಲಸ ಆಗಲೇ ಮುಗಿದಿದೆ, ಕರಗಿಸಿದರೆ ಸಾಕು. ಒಂದು ಟನ್ ಗುಜರಿ ಬಳಸಿದರೆ ಸುಮಾರು 1.4 ಟನ್ ಅದಿರು, 740 ಕಿಲೊ ಕಲ್ಲಿದ್ದಲು, 120 ಕಿಲೊ ಸುಣ್ಣಕಲ್ಲು ಉಳಿಯುತ್ತದೆ ಎಂಬುದು ವಿಶ್ವ ಉಕ್ಕು ಸಂಘಟನೆಯ ಲೆಕ್ಕ. ಹಳೆಯ ಕಾರಿನ ಕಬ್ಬಿಣಕ್ಕೆ ಬೆಲೆಯಿರುವುದು ಹಿಂದೆ ಎಂದೋ ಸುಟ್ಟ ಆ ಕಲ್ಲಿದ್ದಲಿನಿಂದಾಗಿ.

ಭಾರತದಲ್ಲಿ ಗುಜರಿ ಕಬ್ಬಿಣ ಮೊದಲಿನಿಂದಲೂ ಸಾಲದು. ವಾಹನ, ಯಂತ್ರ ಯಾವುದನ್ನೂ ಬೇಗ ಒಡೆಯದ ದೇಶದಲ್ಲಿ ಅದು ಸಹಜವೇ. ಅದರ ಕೊರತೆ ತುಂಬಲು ಬಂದದ್ದು ಸ್ಪಂಜ್ ಕಬ್ಬಿಣ. ಅದಿರನ್ನು ಕರಗಿಸದೆ ಕಲ್ಲಿದ್ದಲಿನೊಂದಿಗೆ ಕಾಯಿಸಿ ಆಮ್ಲಜನಕವನ್ನು ಮಾತ್ರ ಹೊರದೂಡಿದರೆ ಉಳಿಯುವ ರಂಧ್ರಗಳುಳ್ಳ ಕಬ್ಬಿಣವಿದು. ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಸುತ್ತಮುತ್ತ ಇಂಥ ಘಟಕಗಳು ಎದ್ದಿವೆ. ಅವುಗಳ ಹೊಗೆ, ಬೂದಿಯ ಬಗ್ಗೆ ಸುತ್ತಲಿನ ಹಳ್ಳಿಗಳ ದೂರು ಇಂದಿಗೂ ನಿಂತಿಲ್ಲ. ಕರಗಿಸುವ ಕುಲುಮೆಗೆ ಗುಜರಿಯೂ ಸ್ಪಂಜ್ ಕಬ್ಬಿಣವೂ ಒಂದರ ಬದಲಿಗೆ ಇನ್ನೊಂದು ಆಗಬಲ್ಲವು. ಆದ್ದರಿಂದ ಒಂದರ ದರ ಇಳಿದರೆ ಇನ್ನೊಂದರದು ಏರಿ ನಿಲ್ಲುವಂತಿಲ್ಲ. ಸಂಡೂರಿನ ಅದಿರು ತುಟ್ಟಿಯಾದರೆ ಯಲಬುರ್ಗಾದ ಹಳೆಯ ಕಾರಿಗೂ ಬೆಲೆ ಬರುವುದು ಹೀಗೆ. ಹೊರಜಗತ್ತಿನ ಏರಿಳಿತವೂ ಇಲ್ಲಿಗೆ ಮುಟ್ಟುತ್ತದೆ. 2008ರ ಮಧ್ಯದಲ್ಲಿ ಗಗನಕ್ಕೇರಿದ್ದ ಗುಜರಿ ದರ ಅದೇ ವರ್ಷದ ಕೊನೆಗೆ ಜಾಗತಿಕ ಹಣಕಾಸು ಕುಸಿತದೊಂದಿಗೆ ನೆಲಕಚ್ಚಿತು.

ಈ ಜಿಲ್ಲೆಗೂ ಕಾರಿಗೂ ಇನ್ನೊಂದು ನಂಟಿದೆ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಅದಿರಿನಿಂದ ಬೀಡು ಕಬ್ಬಿಣ ಕರಗಿಸಿ ವಾಹನ ಮತ್ತು ಟ್ರ್ಯಾಕ್ಟರುಗಳ ಎಂಜಿನ್ ಬ್ಲಾಕುಗಳನ್ನು ಎರಕ ಹೊಯ್ಯುತ್ತದೆ. ಗಿಣಿಗೇರಾದ ಹೊಸಪೇಟೆ ಸ್ಟೀಲ್ಸ್ ವಾಹನ ಉದ್ಯಮಕ್ಕೆ ಬೇಕಾದ ಮಿಶ್ರಲೋಹದ ಉಕ್ಕು ತಯಾರಿಸುತ್ತದೆ. ವಾಹನದ ಎಲುಬು ಹುಟ್ಟುವ ನೆಲ ಇದು. ಇಲ್ಲೇ ಅದರ ಅಂತ್ಯಕ್ಕೆ ಕಟ್ಟುವ ಬೆಲೆ ಊಹೆಗೆ ಬಿಟ್ಟ ಮಾತಾಗಿದೆ.

ಒಡೆಯುವ ಕೈಗಳು

ತಕ್ಕಡಿಯಲ್ಲಿ ತೂಗಲಾಗದ ಸಂಗತಿಗಳೂ ಇವೆ. ಕಾರನ್ನು ಒಡೆಯುವವನು ಬರಿಗೈಯಲ್ಲಿ ಗ್ಯಾಸ್ ಕಟರ್ ಹಿಡಿದಿರುತ್ತಾನೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿ, ಅನಿಲ ಸಿಲಿಂಡರ್, ಈಚಿನ ಕಾರುಗಳಲ್ಲಿನ ಗಾಳಿಚೀಲದ ಸ್ಫೋಟಕ ಅವನ ಜೀವಕ್ಕೆ ಎರವಾಗಬಹುದು. ಬ್ಯಾಟರಿ ಒಡೆದು ಆಮ್ಲ ಚೆಲ್ಲಿದರೆ ಸೀಸ ಮಣ್ಣಿಗಿಳಿಯುತ್ತದೆ. ಎಂಜಿನ್ ಎಣ್ಣೆ ಚರಂಡಿ ಸೇರುತ್ತದೆ. ತಾಮ್ರದ ಆಸೆಗೆ ವೈರು ಸುಟ್ಟಾಗ ಏಳುವ ಹೊಗೆ ಕುಡಿಯುವವರು ಅವನೂ ಅವನ ಮಕ್ಕಳೂ. ಕಾರಿಗೆ ಎರಡು ಸಾವಿರ ಹೆಚ್ಚು ಸಿಕ್ಕಿತೆಂದರೆ ಆ ಹಣ ಕೆಲವೊಮ್ಮೆ ಈ ಎಚ್ಚರಿಕೆಗಳನ್ನು ಬಿಟ್ಟಿದ್ದರಿಂದ ಬಂದದ್ದು.

ಸರಿಯಾಗಿ ಒಡೆಯದಿದ್ದರೆ ಕಬ್ಬಿಣಕ್ಕೂ ಕೇಡು. ತಗಡಿನ ಜೊತೆ ತಾಮ್ರದ ತುಂಡು ಕುಲುಮೆಗೆ ಬಿದ್ದರೆ ಅದನ್ನು ಮತ್ತೆ ಬೇರ್ಪಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಅಂಥ ಉಕ್ಕು ಬಿಸಿಯಲ್ಲಿ ಬಿರುಕು ಬಿಡುತ್ತದೆ.

ಕಾಗದಕ್ಕೂ ಬೆಲೆಯಿದೆ

ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ವಾಹನ ಗುಜರಿ ನೀತಿಗೆ ಚಾಲನೆ ನೀಡಿತು. ಸೆಪ್ಟೆಂಬರಿನಲ್ಲಿ ನೋಂದಾಯಿತ ಗುಜರಿ ಕೇಂದ್ರಗಳ ನಿಯಮ ಬಂತು. ಹೊಸ ವಾಹನದ ಷೋರೂಂ ಬೆಲೆಯ ಶೇ 4ರಿಂದ 6ರಷ್ಟು ಹಳೆಯದರ ಗುಜರಿ ಮೌಲ್ಯವಾಗಬಹುದು ಎಂಬುದು ಸಚಿವಾಲಯದ ಅಂದಾಜು. ನಾಲ್ಕು ಲಕ್ಷದ ಕಾರಿಗೆ 16ರಿಂದ 24 ಸಾವಿರ. ಮೇಲಿನ ಲೆಕ್ಕದ 18,250 ಇದರೊಳಗೇ ಬರುತ್ತದೆ.

ಈ ಕೇಂದ್ರಗಳಲ್ಲಿ ಕಾರು ಒಪ್ಪಿಸಿದವನಿಗೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಖಾಸಗಿ ವಾಹನ ಕೊಂಡರೆ ರಾಜ್ಯಗಳು ತೆರಿಗೆಯಲ್ಲಿ ಗರಿಷ್ಠ ಶೇ 25ರಷ್ಟು ರಿಯಾಯಿತಿ ಕೊಡಲು 2022ರ ಏಪ್ರಿಲ್‌ನಿಂದ ಕೇಂದ್ರ ನಿಯಮದಲ್ಲಿ ಅವಕಾಶವಿದೆ. ನಾಲ್ಕು ಲಕ್ಷದ ಕಾರಿಗೆ ಶೇ 13ರ ದರದಲ್ಲಿ ಜೀವಾವಧಿ ತೆರಿಗೆ 52 ಸಾವಿರ. ಪೂರ್ಣ ರಿಯಾಯಿತಿ ಸಿಕ್ಕರೆ ಉಳಿಯುವುದು 13 ಸಾವಿರ. ಅಂದರೆ ಒಂದು ಹಾಳೆ ಕಾಗದದ ಬೆಲೆ ಇಡೀ ಕಾರಿನ ಕಬ್ಬಿಣದ ಬೆಲೆಯನ್ನೂ ಮೀರುತ್ತದೆ. ಮೂಲೆಯ ಗುಜರಿ ಅಂಗಡಿಯವನು ಈ ಕಾಗದ ಕೊಡಲಾರ. ಆದರೆ ಕುಷ್ಟಗಿ, ಯಲಬುರ್ಗಾದಂಥ ಊರುಗಳಿಂದ ದೂರದ ಕೇಂದ್ರಕ್ಕೆ ಓಡದ ಕಾರನ್ನು ಹೊತ್ತೊಯ್ಯುವ ಬಾಡಿಗೆಯೇ ಲಾಭದ ದೊಡ್ಡ ಪಾಲು ನುಂಗುತ್ತದೆ. ಹೊಸ ಕಾರು ಕೊಳ್ಳುವ ಶಕ್ತಿಯಿಲ್ಲದವನಿಗೆ ತೆರಿಗೆ ರಿಯಾಯಿತಿಯ ಉಪಯೋಗವೂ ಇಲ್ಲ. ನಗರವನ್ನು ಕಣ್ಣಮುಂದಿಟ್ಟು ರೂಪಿಸಿದ ನೀತಿ ಹಳ್ಳಿಗೆ ಬರುವಾಗ ಹೀಗೆ ಬಡವಾಗುತ್ತದೆ.

ಇತ್ತ ಹಳೆಯ ಕಾರನ್ನು ಉಳಿಸಿಕೊಳ್ಳುವುದೂ ದುಬಾರಿಯಾಗಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆಯಂತೆ ಇಪ್ಪತ್ತು ವರ್ಷ ಮೀರಿದ ಕಾರಿಗೆ ಅದು 10,000. ಐದು ವರ್ಷದ ನವೀಕರಣಕ್ಕೆ ಕಾರಿನ ಗುಜರಿ ಬೆಲೆಯ ಅರ್ಧಕ್ಕಿಂತ ಹೆಚ್ಚು ಹಣ ತೆರಬೇಕಾದಾಗ ಮಾಲೀಕ ಲೆಕ್ಕ ಹಾಕದೆ ವಿಧಿಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಕಾಗದ ನೋಂದಣಿ ರದ್ದತಿಯದು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕ ಹದಿನಾಲ್ಕು ದಿನಗಳೊಳಗೆ, ಇಲ್ಲವೇ ಆದಷ್ಟು ಬೇಗ, ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಪತ್ರ ಒಪ್ಪಿಸಬೇಕು. ಇದನ್ನು ಮಾಡದೆ ಕಾರನ್ನು ಗುಜರಿಗೆ ಕೊಟ್ಟವನ ಹೆಸರಿನಲ್ಲಿ ಕಾರು ಸರ್ಕಾರಿ ದಾಖಲೆಯಲ್ಲಿ ಬದುಕಿಯೇ ಇರುತ್ತದೆ. ಅದರ ಚಾಸಿ ಸಂಖ್ಯೆ, ನಂಬರು ಫಲಕ ಕದ್ದ ವಾಹನವೊಂದಕ್ಕೆ ಅಂಟಿಕೊಂಡರೆ ಪೊಲೀಸರು ಬಂದು ನಿಲ್ಲುವುದು ಹಳೆಯ ಮಾಲೀಕನ ಮನೆ ಬಾಗಿಲಿಗೆ. ಸಾಲದ ನಮೂದು ತೆಗೆಸುವುದು, ಫಲಕ ಬಿಚ್ಚಿಕೊಳ್ಳುವುದು, ಮಾರಿದ್ದಕ್ಕೆ ರಸೀದಿ ಪಡೆಯುವುದು, ನೋಂದಣಿ ರದ್ದುಪಡಿಸುವುದು, ಇವಿಷ್ಟೂ ಮುಗಿದ ಮೇಲೆಯೇ ಕಾರು ನಿಜವಾಗಿ ಗುಜರಿಯಾಗುವುದು.

ಹಾಗೆಂದು ತೀರ್ಮಾನವನ್ನು ಮುಂದೂಡುತ್ತ ಹೋಗುವುದೂ ಜಾಣತನವಲ್ಲ. ಒಂದೊಂದು ಮಳೆಗಾಲಕ್ಕೂ ತಳದ ತಗಡು ಒಂದಿಷ್ಟು ಪುಡಿಯಾಗಿ ಉದುರುತ್ತದೆ. ಬ್ಯಾಟರಿ ಸಾಯುತ್ತದೆ, ಟೈರು ಬಿರಿಯುತ್ತದೆ, ಬಿಡಿಭಾಗವಾಗಿ ಮಾರಬಹುದಾಗಿದ್ದ ಡೈನಮೊ, ಸ್ಟಾರ್ಟರ್ ಮೋಟರು ತುಕ್ಕಿನ ಮುದ್ದೆಯಾಗುತ್ತವೆ. ಹಿರೇಬೆಣಕಲ್ಲಿನ ಕಾಲದವರು ಸತ್ತವರ ಜೊತೆ ಕಬ್ಬಿಣ ಹೂಳಿದ್ದು ಅದು ಅಮೂಲ್ಯವೆಂದು ತಿಳಿದೇ. ಬೇವಿನ ಮರದಡಿ ಕಾರನ್ನು ಮಣ್ಣಾಗಲು ಬಿಟ್ಟವರು ಮಾತ್ರ ಅದರ ಬೆಲೆಯನ್ನು ಒಮ್ಮೆಯೂ ಲೆಕ್ಕ ಹಾಕಿದವರಲ್ಲ.